ದಂಡಿನ ಗಡಿಯಿಂದ ಜಕಾರ್ತದವರೆಗೆ: ದಿವಾನ್ ಮಿರ್ಜಾ ಇಸ್ಮಾಯಿಲರ ರಾಯಭಾರ

ರಾಯಭಾರವೆಂದರೆ ಒಂದು ಸ್ವತಂತ್ರ ದೇಶ ಇನ್ನೊಂದು ದೇಶದೊಡನೆ ನಡೆಸುವ ವ್ಯವಹಾರ ಎಂಬ ಇಂದಿನ ಅರ್ಥವನ್ನು ಹಿಡಿದು ಹೊರಟರೆ, ಮೈಸೂರು ಸಂಸ್ಥಾನಕ್ಕೆ ರಾಯಭಾರವೇ ಇರಲಿಲ್ಲ, ಇರಕೂಡದೆಂಬ ಕಟ್ಟಳೆಯೂ ಇತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಐವತ್ತು ವರ್ಷ ಕಮಿಷನರುಗಳ ಮೂಲಕ ನಾಡನ್ನು ನಡೆಸಿ, 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಅದನ್ನು ಹಿಂದಿರುಗಿಸಿದರು. 'ರೆಂಡಿಷನ್' ಎಂದು ಹೆಸರಾದ ಈ ಹಸ್ತಾಂತರದ ಪತ್ರದಲ್ಲಿ ಮಹಾರಾಜರು ಹೊಸ ಕೋಟೆ ಕಟ್ಟುವಂತಿಲ್ಲ, ಅನುಮತಿಯಿಲ್ಲದೆ ಬೇರೆ ಸಂಸ್ಥಾನದೊಡನೆ ವ್ಯವಹರಿಸುವಂತಿಲ್ಲ ಎಂಬಂಥ ಷರತ್ತುಗಳು ಸಾಲುಸಾಲಾಗಿದ್ದವು. ಈ ಪತ್ರದ ಜಾಗಕ್ಕೆ 1913ರಲ್ಲಿ ಒಪ್ಪಂದವೊಂದು ಬಂದು ಮಾತಿನ ಧಾಟಿ ಮೆತ್ತಗಾಯಿತಾದರೂ ಕಟ್ಟು ಸಡಿಲವಾಗಲಿಲ್ಲ. ಹಾಗಿದ್ದೂ ಮೈಸೂರಿನ ದಿವಾನರು, ಎಂದರೆ ಮಹಾರಾಜರ ಪರವಾಗಿ ಆಡಳಿತದ ಹೊಣೆ ಹೊತ್ತ ಮುಖ್ಯಮಂತ್ರಿಗಳು, ದಿನಬೆಳಗಾದರೆ ಮಾಡಬೇಕಾಗಿದ್ದ ಕೆಲಸದ ಒಂದು ದೊಡ್ಡ ಪಾಲು ರಾಯಭಾರವೇ ಆಗಿತ್ತು. ಅದರ ಎದುರು ಕಕ್ಷಿ ಸಮುದ್ರದಾಚೆ ಇರದೆ, ಬೆಂಗಳೂರು ಪೇಟೆಯಿಂದ ಅರ್ಧ ಗಂಟೆಯ ಕುದುರೆ ಸವಾರಿಯ ದೂರದಲ್ಲಿ, ದಂಡಿನಲ್ಲಿ ಕುಳಿತಿತ್ತು.

ದಂಡು ಎಂಬ ಈ ಮಾತು ಬೆಂಗಳೂರಿಗರ ಬಾಯಲ್ಲಿ ಸೈನ್ಯಕ್ಕಿಂತ ಹೆಚ್ಚಾಗಿ ಒಂದು ಊರಿನ ಹೆಸರಾಗಿ ಉಳಿದಿದೆ. ಕಂಟೋನ್ಮೆಂಟ್ ರೈಲು ನಿಲ್ದಾಣದ ಕನ್ನಡ ಫಲಕದ ಮೇಲೆಯೂ 'ಬೆಂಗಳೂರು ದಂಡು' ಎಂದೇ ಬರೆದಿದೆ. ಶ್ರೀರಂಗಪಟ್ಟಣದ ಹವೆ ಒಗ್ಗದೆ 1809ರಲ್ಲಿ ಹಲಸೂರಿನ ಬಳಿಗೆ ಬಂದು ನೆಲೆಸಿದ ಬ್ರಿಟಿಷ್ ಪಡೆಯ ಸುತ್ತ ಬೆಳೆದ ಈ ಪ್ರದೇಶವನ್ನು 1881ರಲ್ಲಿ ಮೈಸೂರಿಗೆ ಬಿಟ್ಟುಕೊಡದೆ, 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ರೆಸಿಡೆಂಟರ ಆಡಳಿತಕ್ಕೆ ಒಪ್ಪಿಸಲಾಯಿತು. ರೆಸಿಡೆಂಟ್ ಎಂದರೆ ಸಂಸ್ಥಾನದಲ್ಲಿ ವೈಸರಾಯರ ಕಣ್ಣು ಕಿವಿಯಾಗಿ ನಿಂತ ಬ್ರಿಟಿಷ್ ಪ್ರತಿನಿಧಿ. ಮೈಸೂರಿನಲ್ಲಿ ಅವರು ಪ್ರತಿನಿಧಿಯಾಗಿರುವುದರ ಜೊತೆಗೆ ಒಂದು ಪಟ್ಟಣದ ಒಡೆಯರೂ ಆಗಿದ್ದರು. ನೆಲದ ಮೂಲ ಒಡೆತನ ಮಹಾರಾಜರದೇ ಎಂದು ಕಾಗದದ ಮೇಲಿದ್ದರೂ ಅಲ್ಲಿನ ಕಾನೂನು, ನ್ಯಾಯಾಲಯ, ಪೊಲೀಸು, ತೆರಿಗೆ ಎಲ್ಲವೂ ಬೇರೆಯಾಗಿದ್ದು, ಪೇಟೆಯಲ್ಲಿ ಅಪರಾಧ ಮಾಡಿ ದಂಡಿಗೆ ಓಡಿಹೋದವನನ್ನು ಹಿಡಿದು ತರಲು ಎರಡು ಸರ್ಕಾರಗಳ ನಡುವೆ ಓಲೆ ಓಡಾಡಬೇಕಾಗಿತ್ತು. 1931ರ ಜನಗಣತಿಯಲ್ಲಿ ಪೇಟೆಯ ಜನಸಂಖ್ಯೆ ಸುಮಾರು 1,72,000 ಇದ್ದರೆ ದಂಡಿನದು ಸುಮಾರು 1,34,000 ಇತ್ತು. ಇದನ್ನು ಒಂದು ಊರಿನ ಎರಡು ಭಾಗಗಳೆನ್ನುವುದಕ್ಕಿಂತ ಒಂದಕ್ಕೊಂದು ಬೆನ್ನು ತಾಗಿಸಿ ಕುಳಿತ ಎರಡು ಊರುಗಳೆನ್ನುವುದೇ ಸರಿ.

ಪೂರ್ವ ದಿಕ್ಕಿನಲ್ಲಿ ಈ ಗಡಿಯ ಸ್ವರೂಪ ಇನ್ನಷ್ಟು ವಿಚಿತ್ರವಾಗಿತ್ತು. ಹಳೆ ಮದರಾಸು ರಸ್ತೆ ಹಿಡಿದು ಹಲಸೂರನ್ನು ದಾಟಿ ಕೃಷ್ಣರಾಜಪುರದ ಕಡೆಗೆ ಹೊರಟ ಎತ್ತಿನ ಗಾಡಿ, ಎಲ್ಲಿಯೂ ನದಿ ಬೆಟ್ಟಗಳನ್ನು ಕಾಣದೆಯೇ, ಬ್ರಿಟಿಷ್ ಆಡಳಿತವನ್ನು ಬಿಟ್ಟು ಮೈಸೂರನ್ನು ಸೇರುತ್ತಿತ್ತು. ಇಂದು ರಾಮಮೂರ್ತಿ ನಗರವೆಂದು ಕರೆಯಲಾಗುವ ಬಡಾವಣೆ ಆಗ ಇರಲಿಲ್ಲ. ಕೌದೇನಹಳ್ಳಿ, ಹೊರಮಾವು, ಕಲ್ಕೆರೆ ಮೊದಲಾದ ಹಳ್ಳಿಗಳ ರಾಗಿಹೊಲ, ತೋಟ, ಕೆರೆಯಂಗಳಗಳ ಆ ನೆಲ ದಂಡಿನ ಎಲ್ಲೆಯಾಚೆ, ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಆದರೆ ಅದೇ ಹೊಲಗಳ ಪಕ್ಕದಲ್ಲಿ ಹಾದುಹೋಗುವ, 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ರೈಲು ಹಳಿಯ ಪಟ್ಟಿಯ ಮೇಲಿನ ಅಧಿಕಾರ ಮಾತ್ರ ಬ್ರಿಟಿಷರದು, ಏಕೆಂದರೆ ರೈಲ್ವೆ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ಸಂಸ್ಥಾನ ಅವರಿಗೆ ಒಪ್ಪಿಸಿಕೊಟ್ಟಿತ್ತು. ಹಳಿಯ ಈಚೆಗೂ ಆಚೆಗೂ ಮಹಾರಾಜರ ಕಾನೂನು, ನಡುವಿನ ಕೆಲವೇ ಗಜಗಳಲ್ಲಿ ವೈಸರಾಯರ ಕಾನೂನು ಎಂಬ ಈ ಏರ್ಪಾಡಿನಲ್ಲಿ ದನ ಅಟ್ಟಿಕೊಂಡು ಹಳಿ ದಾಟುವ ರೈತ ದಿನಕ್ಕೆರಡು ಸಲ ಸರ್ಕಾರ ಬದಲಾಯಿಸುತ್ತಿದ್ದನೆಂದರೆ ಅತಿಶಯೋಕ್ತಿಯಾಗದು. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರೊಬ್ಬರು ಮುಂದೆ ಹದಿನೈದು ವರ್ಷ ಮೈಸೂರಿನ ದಿವಾನರಾಗಿ, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಸಂಸ್ಥಾನದ ಮಾತುಗಾರರಾಗಿ, ಕೊನೆಗೆ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಜಕಾರ್ತಕ್ಕೆ ಹೋದ ವೃತ್ತಾಂತವನ್ನು ಈ ಗಡಿಯ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳುವುದು ಕಷ್ಟ.

ಮಿರ್ಜಾ ಇಸ್ಮಾಯಿಲರ ಮನೆತನ ಬೆಂಗಳೂರಿಗೆ ಬಂದದ್ದು ಕುದುರೆಗಳ ಜೊತೆಗೆ. ಅವರ ಅಜ್ಜ ಆಗಾ ಅಲಿ ಆಸ್ಕರ್ 1824ರ ಹೊತ್ತಿಗೆ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ದಂಡಿನ ಸೈನ್ಯಕ್ಕೂ ಮೈಸೂರಿನ ಅರಮನೆಗೂ ಕುದುರೆ ಒದಗಿಸುತ್ತ ಇಲ್ಲಿಯೇ ನೆಲೆನಿಂತರು. ಅಂದರೆ ಗಡಿಯ ಎರಡೂ ಕಡೆ ಗಿರಾಕಿಗಳಿದ್ದ ವ್ಯಾಪಾರ ಅವರದು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕುದುರೆಗಳ ವಿಷಯದಲ್ಲಿ ಮೋಹವುಳ್ಳವರಾದ್ದರಿಂದ ಅವರಿಬ್ಬರ ನಡುವೆ ಸ್ನೇಹ ಬೆಳೆಯಿತು, ಆ ಸ್ನೇಹದ ಬೆಂಬಲದಿಂದ ಅಲಿ ಆಸ್ಕರ್ ಲಾಯದ ವ್ಯಾಪಾರದ ಜೊತೆಗೆ ದಂಡಿನಲ್ಲಿ ಬಂಗಲೆಗಳನ್ನು ಕಟ್ಟಿಸುವ ಕೆಲಸಕ್ಕೂ ಇಳಿದರು. ಕನ್ನಿಂಗ್‌ಹ್ಯಾಮ್ ರಸ್ತೆಯ ಬಳಿಯ ಅಲಿ ಆಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಬ್ರಿಟಿಷ್ ಅಧಿಕಾರಿಯ ಮರ್ಜಿಯನ್ನೂ ಮಹಾರಾಜರ ವಿಶ್ವಾಸವನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಕಲೆಯನ್ನು ಮೊಮ್ಮಗ ಯಾವ ಪಾಠಶಾಲೆಯಲ್ಲಿಯೂ ಕಲಿಯಬೇಕಾಗಿರಲಿಲ್ಲ.

ಪಾಠಶಾಲೆಯಾದರೂ ಸಾಮಾನ್ಯದ್ದಾಗಿರಲಿಲ್ಲ. 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿರ್ಜಾ, ಹತ್ತನೆಯ ವಯಸ್ಸಿಗೇ ಪಟ್ಟಕ್ಕೆ ಬಂದಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಶಿಕ್ಷಣಕ್ಕೆಂದು ನಡೆಸಲಾಗುತ್ತಿದ್ದ ಅರಮನೆಯ ತರಗತಿಗೆ ಸಹಪಾಠಿಯಾಗಿ ಆರಿಸಲ್ಪಟ್ಟರು. ಅಲ್ಲಿ ಗುರುಗಳಾಗಿದ್ದವರು ಐ.ಸಿ.ಎಸ್. ಅಧಿಕಾರಿ ಸ್ಟುವರ್ಟ್ ಫ್ರೇಸರ್. ಇವರೇ ಮುಂದೆ ಮೈಸೂರಿನ ರೆಸಿಡೆಂಟರಾದರು, ಪ್ಲೇಗಿನ ನಂತರ ದಂಡಿನ ಉತ್ತರಕ್ಕೆ ಎದ್ದ ಹೊಸ ಬಡಾವಣೆಗೆ, ಎಂದರೆ ಈಗಿನ ಪುಲಕೇಶಿನಗರಕ್ಕೆ, ಫ್ರೇಸರ್ ಟೌನ್ ಎಂಬ ಹೆಸರು ಬಂದದ್ದು ಇವರಿಂದಲೇ. ಒಂದೇ ಹಲಗೆಯ ಮುಂದೆ ಮಹಾರಾಜ, ಮುಂದಿನ ದಿವಾನ, ಮುಂದಿನ ರೆಸಿಡೆಂಟ್ ಮೂವರೂ ಇದ್ದ ಈ ಕೊಠಡಿಯನ್ನು ಮೈಸೂರಿನ ಮೊದಲ ರಾಯಭಾರ ಶಾಲೆಯೆಂದು ಕರೆಯಬಹುದು. ಮಿರ್ಜಾ ಅವರು ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, 1905ರಲ್ಲಿ ಪೊಲೀಸು ಇಲಾಖೆಯ ಮೂಲಕ ಸೇವೆಗೆ ಸೇರಿ, ಅರಮನೆಯ ಹುಜೂರ್ ಕಾರ್ಯದರ್ಶಿಯಾಗಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರ ಮೇ ತಿಂಗಳಲ್ಲಿ ಆಲ್ಬಿಯನ್ ಬ್ಯಾನರ್ಜಿಯವರ ನಂತರ ದಿವಾನರಾದರು. 'ಹುಜೂರ್' ಎಂದರೆ ಸನ್ನಿಧಾನ. ಸನ್ನಿಧಾನದಲ್ಲಿ ಇಪ್ಪತ್ತು ವರ್ಷದ ಹತ್ತಿರ ಕಳೆದವರಿಗೆ ಮಹಾರಾಜರ ಮೌನದ ಅರ್ಥವೂ ತಿಳಿದಿತ್ತು.

ದಿವಾನಗಿರಿಯ ಆರಂಭದ ವರ್ಷಗಳ ಬಹುಮುಖ್ಯ ಫಲ ಪೊಗದಿಯ ಕಡಿತ. ಪೊಗದಿಯೆಂದರೆ ರಕ್ಷಣೆಯ ಹೆಸರಿನಲ್ಲಿ ಸಂಸ್ಥಾನ ಪ್ರತಿವರ್ಷ ಬ್ರಿಟಿಷ್ ಸರ್ಕಾರಕ್ಕೆ ತೆರಬೇಕಾಗಿದ್ದ ಹಣ. ಟಿಪ್ಪುವಿನ ಪತನದ ನಂತರದ ಒಪ್ಪಂದದಲ್ಲಿ ಏಳು ಲಕ್ಷ ವರಹ, ರೂಪಾಯಿಯಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಇದ್ದ ಈ ಮೊತ್ತವನ್ನು ರೆಂಡಿಷನ್ನಿನ ಸಮಯದಲ್ಲಿ ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು, ಕ್ಷಾಮದಿಂದ ಬಸವಳಿದಿದ್ದ ನಾಡಿಗೆ ಏರಿಕೆಯ ಹೊರೆ ತಕ್ಷಣ ಬೀಳದಂತೆ 1896ರವರೆಗೆ ಮುಂದೂಡಲಾಗಿತ್ತು. ದಿವಾನರ ನಂತರ ದಿವಾನರು ಈ ಹೆಚ್ಚಳದ ಅನ್ಯಾಯವನ್ನು ಬರೆದು ಬರೆದು ಕಳುಹಿಸಿದರೂ ಕದಲದ ಕಡತ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭವನ್ನು ಮಿರ್ಜಾ ಬಳಸಿಕೊಂಡಾಗ ಕದಲಿತು. ವೈಸರಾಯ್ ಇರ್ವಿನ್ ಹತ್ತೂವರೆ ಲಕ್ಷದ ಏರಿಕೆಯನ್ನು ಬಿಟ್ಟುಕೊಟ್ಟರು. ಹಕ್ಕೆಂದು ಕೇಳಿದಾಗ ಸಿಗದಿದ್ದುದು ಉಡುಗೊರೆಯ ರೂಪದಲ್ಲಿ ಸಿಕ್ಕಿತು. ಕೊಡುವವರ ಮುಖ ಉಳಿಸಿ ತಮ್ಮ ಕೆಲಸ ಸಾಧಿಸಿಕೊಳ್ಳುವ ಈ ರೀತಿ ಅವರ ಮುಂದಿನ ವ್ಯವಹಾರಗಳಲ್ಲಿಯೂ ಮತ್ತೆ ಮತ್ತೆ ಕಾಣುತ್ತದೆ. ಪೊಗದಿಯ ಉಳಿದ ಭಾಗದ ಪ್ರಶ್ನೆಯೂ ದಂಡಿನ ಪ್ರದೇಶವನ್ನು ಮೈಸೂರಿಗೆ ಮರಳಿಸುವ ಪ್ರಶ್ನೆಯೂ 1930ರ ದಶಕದುದ್ದಕ್ಕೂ ಚರ್ಚೆಯಲ್ಲಿದ್ದವು, ದಂಡಿನ ಅನೇಕ ನಿವಾಸಿಗಳು, ವಿಶೇಷವಾಗಿ ಬ್ರಿಟಿಷ್ ಆಡಳಿತದ ನೆರಳಿನಲ್ಲಿ ಬದುಕು ಕಟ್ಟಿಕೊಂಡವರು, ಮೈಸೂರಿನ ಕೈಗೆ ಹೋಗಲು ಹಿಂಜರಿದರು.

ಗಡಿಯಿದ್ದರೂ ನೀರಿಗೆ ಗಡಿಯಿರಲಿಲ್ಲ. ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಸಿದ್ಧವಾದ ಜಲಾಶಯದ ನೀರನ್ನು ಪೇಟೆಗೂ ದಂಡಿಗೂ ಕೊಡಬೇಕಾಗಿದ್ದುದರಿಂದ ಕೊಳಾಯಿ, ಖರ್ಚು, ಪಾಲು ಮೊದಲಾದ ಬಾಬತ್ತುಗಳೆಲ್ಲ ಎರಡು ಸರ್ಕಾರಗಳ ನಡುವಿನ ವ್ಯವಹಾರಗಳಾದವು. ಮಿರ್ಜಾ ಇಸ್ಮಾಯಿಲರ ಹೆಸರಿನೊಡನೆ ಜನ ಜೋಡಿಸುವ ಚಿತ್ರ ಮಾತ್ರ ಬೇರೆ: ಬೆಳಗಿನ ಜಾವ ಕುದುರೆಯೇರಿ ಬೀದಿ ಬೀದಿ ಸುತ್ತುತ್ತ, ಇಲ್ಲಿ ಚರಂಡಿ ಕಟ್ಟಿದೆ, ಅಲ್ಲಿ ಗೋಡೆಗೆ ಸುಣ್ಣವಿಲ್ಲ, ಈ ತಿರುವಿಗೊಂದು ಮರ ಬೇಕು ಎಂದು ಗುರುತು ಹಾಕಿಸುತ್ತಿದ್ದ ದಿವಾನರದು. ಕುದುರೆ ವ್ಯಾಪಾರಿಯ ಮೊಮ್ಮಗ ಆಡಳಿತವನ್ನೂ ಜೀನಿನ ಮೇಲಿಂದಲೇ ನೋಡಿದರು ಎಂದರೆ ತಪ್ಪಲ್ಲ. 1935ರಲ್ಲಿ ತೆರೆದ ಪುರಭವನ, ಕೃಷ್ಣರಾಜಸಾಗರದ ಕೆಳಗಿನ ಬೃಂದಾವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಎಲ್ಲವೂ ಈ ಕಾಲದವು. ಪೂರ್ವ ಬೆಂಗಳೂರಿನ ಚಹರೆಯನ್ನೇ ಬದಲಿಸಿದ ನಿರ್ಧಾರವೂ ಈ ಅವಧಿಯ ಕೊನೆಗೆ ಬಂದಿತು: ಯುದ್ಧದ ನಡುವೆ ವಿಮಾನ ಕಾರ್ಖಾನೆಗೆ ಸ್ಥಳ ಹುಡುಕುತ್ತಿದ್ದ ವಾಲ್‌ಚಂದ್ ಹೀರಾಚಂದರಿಗೆ ಮೈಸೂರು ಸರ್ಕಾರ ನೆಲವನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟು, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ವಿದೇಶಾಂಗ ವ್ಯವಹಾರವಿಲ್ಲದ ಸಂಸ್ಥಾನವೊಂದು ಬೊಂಬಾಯಿಯ ಉದ್ಯಮಿ, ಅಮೆರಿಕದ ತಂತ್ರಜ್ಞರು, ದೆಹಲಿಯ ಯುದ್ಧ ಇಲಾಖೆಗಳ ನಡುವೆ ಕುಳಿತು ಮಾಡಿದ ಒಪ್ಪಂದ ಇದು. ಈ ಕಾರ್ಖಾನೆಯೂ, ಸ್ವಾತಂತ್ರ್ಯದ ನಂತರ 1948ರಲ್ಲಿ ದೂರವಾಣಿನಗರದಲ್ಲಿ ಬಂದ ಐ.ಟಿ.ಐ. ಕಾರ್ಖಾನೆಯೂ ಎಳೆದುತಂದ ಜನವಸತಿಯ ಅಲೆಯಲ್ಲಿಯೇ ಕೃಷ್ಣರಾಜಪುರದಿಂದ ರಾಮಮೂರ್ತಿ ನಗರದವರೆಗಿನ ಹೊಲಗಳು ಕ್ರಮೇಣ ನಿವೇಶನಗಳಾದವು.

ಲಂಡನ್ನಿನಲ್ಲಿ 1930ರಲ್ಲಿಯೂ 1931ರಲ್ಲಿಯೂ ಕೂಡಿದ ದುಂಡುಮೇಜಿನ ಪರಿಷತ್ತುಗಳಲ್ಲಿ ಮಿರ್ಜಾ ಇಸ್ಮಾಯಿಲರು ಮೈಸೂರಿನ ಪ್ರತಿನಿಧಿ. ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳೂ ಅರಸರ ಸಂಸ್ಥಾನಗಳೂ ಸೇರಿ ಒಂದು ಒಕ್ಕೂಟವಾಗಬೇಕೆಂಬ ಯೋಜನೆಯ ಪರವಾಗಿ ಅವರು ಮಾತನಾಡಿದರು. ಒಕ್ಕೂಟವೆಂದರೆ ಕೆಲವು ಅಧಿಕಾರಗಳನ್ನು ಕೇಂದ್ರಕ್ಕೆ ಕೊಟ್ಟು ಉಳಿದವನ್ನು ಘಟಕಗಳೇ ಇಟ್ಟುಕೊಳ್ಳುವ ರಾಜ್ಯವ್ಯವಸ್ಥೆ. ಆ ಯೋಜನೆ 1935ರ ಕಾಯಿದೆಯಲ್ಲಿ ಸೇರಿತಾದರೂ ಸಾಕಷ್ಟು ಸಂಖ್ಯೆಯ ಅರಸರು ಒಪ್ಪದೆ, 1939ರಲ್ಲಿ ಯುದ್ಧ ಬಂದು, ಜಾರಿಗೆ ಬರಲಿಲ್ಲ. ಇದಕ್ಕೆ ಹೋಲಿಕೆಯಾಗಿ ಕೆರಿಬಿಯನ್ ದ್ವೀಪಗಳ ಕಥೆಯನ್ನು ನೆನೆಯಬಹುದು. 1958ರಲ್ಲಿ ಬ್ರಿಟಿಷ್ ವಸಾಹತುಗಳಾಗಿದ್ದ ಆ ದ್ವೀಪಗಳು ಕೂಡಿ ಕಟ್ಟಿಕೊಂಡ ವೆಸ್ಟ್ ಇಂಡೀಸ್ ಒಕ್ಕೂಟ, 1961ರಲ್ಲಿ ಜಮೈಕಾದ ಜನ ಮತ ಹಾಕಿ ಹೊರನಡೆದ ಮೇಲೆ ಮರುವರ್ಷವೇ ಮುರಿದುಬಿತ್ತು; ಅದರ ಕಾನೂನು ಅಧಿಕಾರಿಗಳಲ್ಲಿ ಒಬ್ಬರಾಗಿದ್ದ, ಭಾರತೀಯ ಕೂಲಿಗಳ ವಂಶದ ಶ್ರೀದತ್ ರಾಮ್‌ಫಲ್ ಮುಂದೆ ಗಯಾನಾದ ವಿದೇಶಾಂಗ ಸಚಿವರಾಗಿ, 1975ರಿಂದ 1990ರವರೆಗೆ ಕಾಮನ್‌ವೆಲ್ತಿನ ಮಹಾ ಕಾರ್ಯದರ್ಶಿಯಾದರು. ಎರಡೂ ಕಡೆ ಒಕ್ಕೂಟ ನಿಲ್ಲಲಿಲ್ಲ, ಅದಕ್ಕಾಗಿ ಮಾತು ಪಳಗಿಸಿಕೊಂಡ ಅಧಿಕಾರಿಗೆ ಮಾತ್ರ ಇನ್ನೂ ದೊಡ್ಡ ಅಂಗಳ ದೊರೆಯಿತು. ರಾಮ್‌ಫಲರ ಬೆನ್ನಿಗೆ ಸ್ವತಂತ್ರ ದೇಶವಿತ್ತು, ಮಿರ್ಜಾ ಅವರ ಬೆನ್ನಿಗೆ ಅರಮನೆಯಿತ್ತು ಎಂಬ ವ್ಯತ್ಯಾಸ ಸಣ್ಣದಲ್ಲ.

ಆ ವ್ಯತ್ಯಾಸದ ಬೆಲೆ ಊರಿನಲ್ಲಿಯೇ ಗೊತ್ತಾಯಿತು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿಯ ವಿಷಯದಲ್ಲಿ ಎದ್ದ ಗಲಭೆ ದಿವಾನರ ಧರ್ಮವನ್ನೇ ಚರ್ಚೆಗೆ ಎಳೆಯಿತು, ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಬೇಕಾಯಿತು. ಹತ್ತು ವರ್ಷದ ನಂತರ ಬಂದದ್ದು ಅದಕ್ಕಿಂತ ಗಂಭೀರವಾದ ಪ್ರಸಂಗ. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಿದ ಸತ್ಯಾಗ್ರಹ ನಾಡಿನಲ್ಲೆಲ್ಲ ಹಬ್ಬಿ, ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಸತ್ತವರ ಬಗ್ಗೆ ಸರ್ಕಾರ ಹೇಳಿದ ಲೆಕ್ಕಕ್ಕೂ ಜನ ಹೇಳಿದ ಲೆಕ್ಕಕ್ಕೂ ತಾಳೆಯಾಗಲಿಲ್ಲ. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ, ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಕೊಡುವ ಒಪ್ಪಂದವಾಯಿತು. ಇದನ್ನು ಮಿರ್ಜಾ–ಪಟೇಲ್ ಒಪ್ಪಂದವೆಂದು ಕರೆಯುತ್ತಾರೆ. ಇಲ್ಲಿ ಒಂದು ವಿಷಯ ಗಮನಾರ್ಹ: ತಮ್ಮದೇ ಪ್ರಜೆಗಳಾದ ಮೈಸೂರಿನ ಕಾಂಗ್ರೆಸ್ಸಿಗರೊಡನೆ ನೇರವಾಗಿ ಕುದುರದ ಮಾತು ಹೊರಗಿನಿಂದ ಬಂದ ನಾಯಕರೊಡನೆ ಕುದುರಿತು. ತಮಗೆ ಸಮಾನರಾದವರ ಮುಂದೆ, ತಮಗಿಂತ ಮೇಲಿನವರ ಮುಂದೆ ಅವರ ರಾಯಭಾರ ಸೊಗಸಾಗಿ ನಡೆಯುತ್ತಿತ್ತು. ಕೆಳಗಿನಿಂದ ಎದ್ದ ದನಿಗೆ ಕಿವಿಗೊಡುವ ಅಭ್ಯಾಸವನ್ನು ಹುಜೂರ್ ಕಚೇರಿ ಕಲಿಸಿರಲಿಲ್ಲ.

ನಾಲ್ವಡಿಯವರು 1940ರ ಆಗಸ್ಟಿನಲ್ಲಿ ತೀರಿಕೊಂಡರು, ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮರುವರ್ಷ ಮಿರ್ಜಾ ಇಸ್ಮಾಯಿಲರು ದಿವಾನಗಿರಿ ಬಿಟ್ಟರು. 1942ರಿಂದ 1946ರವರೆಗೆ ಜೈಪುರದ ಪ್ರಧಾನಿಯಾಗಿದ್ದು ಅಲ್ಲಿನ ಹಳೆಯ ಕೋಟೆಗೋಡೆಯ ಹೊರಗೆ ಊರನ್ನು ಬೆಳೆಸಿದ ಅವರ ನೆನಪಿಗೆ ಆ ನಗರದ ಮುಖ್ಯ ಬೀದಿ ಇಂದಿಗೂ ಎಂ.ಐ. ರೋಡ್ ಎಂದೇ ಹೆಸರಾಗಿದೆ. ಜೈಪುರಕ್ಕೆ ಹೋದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಆ ಎರಡಕ್ಷರ ಬೆಂಗಳೂರಿನವರೆಂದು ಗೊತ್ತಿರುವುದಿಲ್ಲ. ಹೈದರಾಬಾದಿನಲ್ಲಿ ಮಾತ್ರ ಅವರ ಕಲೆ ಸೋತಿತು. 1946ರ ಆಗಸ್ಟಿನಲ್ಲಿ ನಿಜಾಮರ ಪ್ರಧಾನಿಯಾದಾಗ ಜಿನ್ನಾ ಅವರಿಗೆ ಆ ನೇಮಕ ಹಿಡಿಸಲಿಲ್ಲ, ಅಲ್ಲಿನ ಮುಸ್ಲಿಂ ರಾಜಕೀಯ ಸಂಘಟನೆಯಾದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಎದುರಾಗಿ ನಿಂತಿತು, ಭಾರತದೊಡನೆ ಹೊಂದಿಕೆಯಾಗಬೇಕೆಂಬ ಅವರ ಸಲಹೆ ಕೇಳುವ ಕಿವಿ ಅರಮನೆಯಲ್ಲಿಯೂ ಇರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಅವರು ಹೊರಬಂದರು. ಒಂದೇ ವರ್ಷದ ಮೇಲೆ, 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದಿನ ಪ್ರಶ್ನೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದಾಗ ಭಾರತದ ಪರವಾಗಿ ವಾದಿಸಿದವರು ಆಗಿನ ಮೈಸೂರಿನ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಹೊರನಾಡಿನೊಡನೆ ಮಾತನಾಡಕೂಡದೆಂದು 1881ರಲ್ಲಿ ಬಾಯಿಗೆ ಬೀಗ ಹಾಕಿಸಿಕೊಂಡಿದ್ದ ಸಂಸ್ಥಾನದ ದಿವಾನರು ಲೋಕದ ಸಭೆಗಳಲ್ಲಿ ಕುಳಿತದ್ದು ಇತಿಹಾಸದ ಸಣ್ಣ ಚೇಷ್ಟೆಯೆನ್ನಬೇಕು.

ಮಿರ್ಜಾ ಅವರಿಗೂ ಅಂಥ ಸಭೆಯ ಕರೆ ಬಂದದ್ದು 1950ರಲ್ಲಿ, ಅರವತ್ತೇಳರ ವಯಸ್ಸಿನ ಹತ್ತಿರದಲ್ಲಿ. ಹಿಂದಿನ ವರ್ಷದ ಡಿಸೆಂಬರಿನಲ್ಲಷ್ಟೇ ಡಚ್ಚರಿಂದ ಸಾರ್ವಭೌಮತ್ವ ಪಡೆದಿದ್ದ ಇಂಡೋನೇಷ್ಯಾಕ್ಕೆ ವಿಶ್ವಸಂಸ್ಥೆ ತನ್ನ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಅವರನ್ನು ಕಳುಹಿಸಿತು. ತಾಂತ್ರಿಕ ನೆರವು ಎಂದರೆ ಹಣಕ್ಕಿಂತ ಹೆಚ್ಚಾಗಿ ತಜ್ಞರನ್ನು ಒದಗಿಸಿ, ಹೊಸ ಸರ್ಕಾರದ ಇಲಾಖೆಗಳು ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವ ಏರ್ಪಾಡು. ಜಾವಾ ಅವರಿಗೆ ಹೊಸದಾಗಿರಲಿಲ್ಲ. 1937ರಲ್ಲಿ ಬಾಂಡುಂಗಿನಲ್ಲಿ ರಾಷ್ಟ್ರಗಳ ಸಂಘದ ಆಶ್ರಯದಲ್ಲಿ ನಡೆದ ಗ್ರಾಮ ನೈರ್ಮಲ್ಯ ಸಮ್ಮೇಳನಕ್ಕೆ ಭಾರತದ ನಿಯೋಗದ ನಾಯಕರಾಗಿ ಹೋಗಿದ್ದವರು ಅವರೇ. ಅದಕ್ಕೆ ಒಂದು ವರ್ಷ ಮೊದಲು ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದಿಂದ ಮೈಸೂರು ಸರ್ಕಾರ ಗ್ರಾಮಾರೋಗ್ಯ ಘಟಕವೊಂದನ್ನು ಆರಂಭಿಸಿತ್ತು. ಹಳ್ಳಿಯ ಬಾವಿ, ಕಕ್ಕಸು, ಸೊಳ್ಳೆ, ಚರಂಡಿಗಳ ವಿಷಯ ಗೊತ್ತಿದ್ದ ಆಡಳಿತಗಾರನಿಗೆ ಜಕಾರ್ತದಲ್ಲಿ ಮಾತನಾಡಲು ಸಾಕಷ್ಟು ಸಾಮಗ್ರಿಯಿತ್ತು. ದಂಡಿನ ರೆಸಿಡೆಂಟರ ಮುಂದೆ ನಾಡಿನ ಅಹವಾಲು ಹಿಡಿದು ನಿಂತಿದ್ದವರು ಅಲ್ಲಿ ಹೊರಗಿನಿಂದ ಬಂದ ಪ್ರತಿನಿಧಿಯ ಕುರ್ಚಿಯಲ್ಲಿ ಕುಳಿತರು, ಎದುರಿಗೆ ಅಹವಾಲು ಹಿಡಿದು ನಿಂತದ್ದು ಹೊಸ ದೇಶ.

ಅವರು ಹಿಂದಿರುಗಿ ಬಂದ ಬೆಂಗಳೂರಿನಲ್ಲಿ ಹುಟ್ಟಿದಾಗಿನಿಂದ ಕಂಡಿದ್ದ ಗಡಿ ಇರಲಿಲ್ಲ. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಉಳಿದಿರುವಾಗ, ದಂಡಿನ ಪ್ರದೇಶ ಮೈಸೂರಿಗೆ ಮರಳಿತ್ತು. 1949ರ ಡಿಸೆಂಬರಿನಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಸೇರಿ ಒಂದೇ ನಗರಪಾಲಿಕೆಯಾಗಿತ್ತು. ಎರಡು ಕಡತಗಳಿಗೂ ಸಹಿ ಬಿದ್ದಾಗ ದಿವಾನಗಿರಿಯಿಂದ ಅವರು ದೂರವಾಗಿ ವರ್ಷಗಳೇ ಕಳೆದಿದ್ದವು. 1954ರಲ್ಲಿ 'ಮೈ ಪಬ್ಲಿಕ್ ಲೈಫ್' ಎಂಬ ಆತ್ಮಕಥೆಯನ್ನು ಪ್ರಕಟಿಸಿ, 1959ರ ಜನವರಿ 5ರಂದು ಅವರು ಬೆಂಗಳೂರಿನಲ್ಲಿಯೇ ನಿಧನರಾದರು.